ದಿನಬಳಕೆಯ ಜಿಮ್ನಿಗೆ ದೊಡ್ಡ ಟೈರ್, 2 ಇಂಚಿನ ಲಿಫ್ಟ್: ಕೊಡಗಿನ ಮಳೆಗೂ ಘಾಟಿಗೂ ಹೊಂದುತ್ತದೆಯೇ?

ಕಕ್ಕಬ್ಬೆ ತೋಟ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವುದು ಒಂದೇ ವಾಹನ, ಮ್ಯಾನುಯಲ್ ಗೇರಿನ ಮಾರುತಿ ಜಿಮ್ನಿ. ವಾರವಿಡೀ ನಾಪೋಕ್ಲು, ಮೂರ್ನಾಡು ದಾರಿಯಾಗಿ ಮಡಿಕೇರಿಗೆ ಕೆಲಸಕ್ಕೆ ಹೋಗಿಬರುವುದು, ಮಗಳನ್ನು ಶಾಲೆಗೆ ಬಿಡುವುದು, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಕೊಯ್ಲಿನ ಕಾಲದಲ್ಲಿ ಹಿಂದಿನ ಸೀಟು ಮಡಚಿ ಕಾಫಿ ಚೀಲ ಹೇರುವುದು ಎಲ್ಲವೂ ಅದರಲ್ಲೇ.

ತೊಂದರೆ ಇರುವುದು ಡಾಂಬರು ರಸ್ತೆಯಿಂದ ಮನೆಗೆ ಇಳಿಯುವ ತೋಟದ ದಾರಿಯಲ್ಲಿ. ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಆಳವಾದ ಜಾಡು ಬಿದ್ದಿದೆ, ನಡುವೆ ಹುಲ್ಲು ಬೆಳೆದ ದಿಣ್ಣೆ ಎದ್ದಿದೆ. ಜೂನ್‌ನಲ್ಲಿ ಮಳೆ ಹಿಡಿದರೆ ಜಾಡು ಇನ್ನಷ್ಟು ಇಳಿದು ಗಾಡಿಯ ತಳ ದಿಣ್ಣೆಗೆ ತಾಗುತ್ತದೆ. ಫೋರ್ ಲೋ (ನಾಲ್ಕೂ ಚಕ್ರ ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರು) ಹಾಕಿದರೂ ಒಂದೆರಡು ಕಡೆ ಚಕ್ರ ಸುತ್ತುತ್ತಾ ನಿಂತುಬಿಡುತ್ತದೆ.

ಜಿಲ್ಲೆಯ ಹೊರಗಿನ ಒಂದು ವರ್ಕ್‌ಶಾಪ್‌ನವರು 235/75 ಆರ್15 ಅಳತೆಯ ಮಡ್ ಟೈರ್ (ಕೆಸರಿಗೆಂದೇ ಮಾಡಿದ ಟೈರ್), ಜೊತೆಗೆ ಗಾಡಿಯನ್ನು ಎತ್ತರಿಸುವ 2 ಇಂಚಿನ ಲಿಫ್ಟ್ ಕಿಟ್ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುತ್ತಿದ್ದಾರೆ. ದಿನವೂ ಘಾಟಿ ರಸ್ತೆಯಲ್ಲಿ ಓಡುವ ಗಾಡಿಗೆ ಇದು ಸರಿಯೇ? ಹಾಕಿಸಿದವರು ಇದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ.

ಸೋಮವಾರಪೇಟೆ ಸೀಮೆ

ಮುಂಗಡ ಕೊಡುವ ಮೊದಲು ಗಾಡಿಯ ಅಡಿಯಲ್ಲಿ ಚಾಪೆ ಹಾಸಿ ಮಲಗಿ ನೋಡಿ. ತಾಗುತ್ತಿರುವುದು ಯಾವ ಭಾಗ ಎಂಬುದು ಮೊದಲು ತಿಳಿಯಬೇಕು. ಹಿಂದಿನ ಅಥವಾ ಮುಂದಿನ ಡಿಫರೆನ್ಷಿಯಲ್ ಗುಂಡಿನ (ಎಡ ಬಲ ಚಕ್ರಗಳಿಗೆ ಬಲ ಹಂಚುವ ಗೇರುಗಳಿರುವ ಗುಂಡು) ಕೆಳಭಾಗವೇ, ನಡುವಿನ ಚಾಸಿಯೇ, ಮುಂದಿನ ಬಂಪರೇ? ಈ ಮೂರಕ್ಕೂ ಪರಿಹಾರ ಬೇರೆ ಬೇರೆ.

ಜಿಮ್ನಿಗೆ ಜಿಪ್ಸಿಯಂತೆಯೇ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಅಂದರೆ ಎಡ ಬಲ ಚಕ್ರಗಳನ್ನು ಜೋಡಿಸುವ ಒಂದೇ ತೊಲೆ. ಸ್ಪ್ರಿಂಗ್ ಕುಳಿತಿರುವುದು ಆಕ್ಸಲ್ ಮತ್ತು ಚಾಸಿಯ ನಡುವೆ. ಎತ್ತರದ ಸ್ಪ್ರಿಂಗ್ ಹಾಕಿದರೆ ಮೇಲೇರುವುದು ಚಾಸಿ ಮತ್ತು ಬಾಡಿ ಮಾತ್ರ. ಆಕ್ಸಲ್ ಇರುವುದು ಚಕ್ರದ ನಡುಮಧ್ಯದಲ್ಲಿ, ಅದು ಇದ್ದಲ್ಲೇ ಇರುತ್ತದೆ, ಅದರ ಜೊತೆ ಡಿಫರೆನ್ಷಿಯಲ್ ಕೂಡ. ನೀವು 2 ಇಂಚಲ್ಲ, 4 ಇಂಚು ಎತ್ತಿಸಿದರೂ ಆ ಗುಂಡು ನೆಲದಿಂದ ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ಟೈರ್ ಒಂದೇ. ಅದೂ ಟೈರಿನ ಎತ್ತರ ಹೆಚ್ಚಾದದ್ದರಲ್ಲಿ ಅರ್ಧದಷ್ಟು ಮಾತ್ರ.

ಕಕ್ಕಬ್ಬೆ ತೋಟ

ಸರ್, ಇವತ್ತು ಬೆಳಿಗ್ಗೆ ನೋಡಿದೆ. ಹಿಂದಿನ ಡಿಫರೆನ್ಷಿಯಲ್ ಗುಂಡಿನ ತಳದಲ್ಲಿ ಅಂಗೈಯಗಲ ಬಣ್ಣ ಹೋಗಿ ಲೋಹ ಹೊಳೆಯುತ್ತಿದೆ. ಉದ್ದುದ್ದ ಗೀರುಗಳಿವೆ, ಅದರ ಮುಂಭಾಗಕ್ಕೆ ಕೆಂಪು ಮಣ್ಣು ಹುಲ್ಲಿನ ಬೇರುಸಹಿತ ಮೆತ್ತಿ ಒಣಗಿದೆ. ಮುಂದಿನ ಗುಂಡಿನಲ್ಲೂ ಸಣ್ಣ ಗೀರುಗಳಿವೆ. ನಡುವಿನ ಚಾಸಿ, ಗೇರ್‌ಬಾಕ್ಸಿನ ಅಡಿಯ ಕಂಬಿ, ಸೈಲೆನ್ಸರ್ ಎಲ್ಲವೂ ಸ್ವಚ್ಛವಾಗಿವೆ. ಬಂಪರಿಗೆ ಏನೂ ಆಗಿಲ್ಲ.

ಸೋಮವಾರಪೇಟೆ ಸೀಮೆ

ಹಾಗಾದರೆ ಲಿಫ್ಟ್ ಕಿಟ್ ನಿಮ್ಮ ಈ ತೊಂದರೆಯನ್ನು ಮುಟ್ಟುವುದೇ ಇಲ್ಲ.

ಅಳತೆಗೋಲು, ಮಡಿಕೇರಿ

ಲೆಕ್ಕ ಹಾಕಿ ನೋಡೋಣ. ಜಿಮ್ನಿಗೆ ಕಂಪನಿ ಕೊಡುವ ಟೈರ್ 195/80 ಆರ್15. 195 ಎಂದರೆ ಮಿಲಿಮೀಟರಿನಲ್ಲಿ ಟೈರಿನ ಅಗಲ. ಟೈರಿನ ಗೋಡೆಯ ಎತ್ತರ 195ರ ಶೇಕಡಾ 80, ಅಂದರೆ 156 ಮಿಲಿಮೀಟರ್. ಮೇಲೊಂದು ಕೆಳಗೊಂದು ಸೇರಿ 312, ನಡುವೆ 15 ಇಂಚಿನ ರಿಮ್ 381. ಒಟ್ಟು ಎತ್ತರ 693 ಮಿಲಿಮೀಟರ್.

215/75 ಆರ್15 ಹಾಕಿದರೆ ಒಟ್ಟು ಎತ್ತರ 703.5 ಆಗುತ್ತದೆ. ಹೆಚ್ಚಾದದ್ದು ಶೇಕಡಾ 1.5, ಆಕ್ಸಲ್ ಮೇಲೇರುವುದು ಬರೀ 5 ಮಿಲಿಮೀಟರ್. 235/75 ಆರ್15 ಆದರೆ 733.5, ಅಂದರೆ ಶೇಕಡಾ 5.8 ಹೆಚ್ಚು. ಆಗ ಡಿಫರೆನ್ಷಿಯಲ್ 20 ಮಿಲಿಮೀಟರ್ ಮೇಲೇರುತ್ತದೆ. ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ 210 ಮಿಲಿಮೀಟರ್ ಇರುವುದು 230 ಆಗುತ್ತದೆ. ಇಷ್ಟು ದೊಡ್ಡ ಖರ್ಚಿನಲ್ಲಿ ನಿಮಗೆ ನಿಜವಾಗಿ ಬೇಕಾದ ಕಡೆ ಸಿಗುವ ಲಾಭ ಈ 20 ಮಿಲಿಮೀಟರ್ ಒಂದೇ.

ಆ ಶೇಕಡಾ 5.8ಕ್ಕೆ ಬೇರೆ ಕಡೆ ಬೆಲೆ ತೆರಬೇಕಾಗುತ್ತದೆ. ಚಕ್ರ ದೊಡ್ಡದಾದಷ್ಟೂ ಗೇರು ಉದ್ದವಾಗುತ್ತದೆ. ಜಿಮ್ನಿಯ ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್ನಿನ ಟಾರ್ಕ್ 134 ನ್ಯೂಟನ್ ಮೀಟರ್. ನೆಲಕ್ಕೆ ತಲುಪುವ ಎಳೆತ ಎಲ್ಲ ಗೇರಿನಲ್ಲೂ ಸುಮಾರು ಐದೂವರೆ ಶೇಕಡಾ ಇಳಿಯುತ್ತದೆ. ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಎರಡನೇ ಗೇರು ಬೇಕಾಗಬಹುದು. ಇಳಿಜಾರಿನಲ್ಲಿ ಎಂಜಿನ್ ಹಿಡಿತವೂ ಅಷ್ಟೇ ಸಡಿಲವಾಗುತ್ತದೆ. ಸಂಪಾಜೆ ಘಾಟಿಯನ್ನಾಗಲಿ ಮಾಕುಟ್ಟ ಘಾಟಿಯನ್ನಾಗಲಿ ಮಳೆಯಲ್ಲಿ ಇಳಿಯುವವರಿಗೆ ಇದು ಸಣ್ಣ ವಿಷಯವಲ್ಲ. ಫೋರ್ ಲೋನಲ್ಲಿ ಆಮೆಯಂತೆ ಇಳಿಯುತ್ತಿದ್ದ ಗಾಡಿ ಇನ್ನು ಸ್ವಲ್ಪ ಬೇಗ ಇಳಿಯುತ್ತದೆ, ಬ್ರೇಕ್ ಹೆಚ್ಚು ಒತ್ತಬೇಕಾಗುತ್ತದೆ.

ಇನ್ನೊಂದು ಸಂಗತಿ. ಮೀಟರ್ ನಿಖರವಾಗಿದ್ದ ಗಾಡಿಗೆ ಈ ಟೈರ್ ಹಾಕಿದರೆ ಮೀಟರ್ 60 ತೋರಿಸುವಾಗ ನಿಜವಾದ ವೇಗ 63.5. ಕಿಲೋಮೀಟರ್ ಎಣಿಕೆಯೂ ಕಡಿಮೆ ಬರುತ್ತದೆ. ಹಾಗಾಗಿ ಟೈರ್ ಬದಲಿಸಿದ ಮೇಲೆ ಮೈಲೇಜ್ ಬಿದ್ದುಹೋಯಿತು ಎನ್ನುವವರ ಲೆಕ್ಕದಲ್ಲಿ ಸ್ವಲ್ಪ ಭಾಗ ಬರೀ ಮೀಟರಿನ ವ್ಯತ್ಯಾಸ, ಉಳಿದದ್ದು ಟೈರಿನ ತೂಕ ಮತ್ತು ಉರುಳುವ ಘರ್ಷಣೆ.

ಬಿರುನಾಣಿ ಕಡೆಯವನು

ನನ್ನ ಜಿಮ್ನಿಗೆ 50 ಮಿಲಿಮೀಟರ್ ಲಿಫ್ಟ್ ಮತ್ತು 235/75 ಟೈರ್ ಎರಡೂ ಇವೆ. ಎರಡು ಮಳೆಗಾಲ ದಾಟಿದೆ. ಆದ್ದರಿಂದ ಇನ್ನೊಂದು ಪಕ್ಷವನ್ನೂ ಹೇಳುತ್ತೇನೆ.

ನಮ್ಮ ತೋಟಕ್ಕೆ ಹೋಗಬೇಕಾದರೆ ಒಂದು ತೋಡು ದಾಟಬೇಕು. ಎರಡೂ ದಡ ಕಡಿದಾಗಿವೆ. ಐದು ಬಾಗಿಲಿನ ಜಿಮ್ನಿಯ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) 2590 ಮಿಲಿಮೀಟರ್, ಉದ್ದ ಹೆಚ್ಚು. ದಡ ಹತ್ತಿ ಮುಂದಿನ ಚಕ್ರ ಕೆಳಗಿಳಿಯುವಾಗ ನಡುವಿನ ತಳ ನೆಲಕ್ಕೆ ಕೂರುತ್ತಿತ್ತು. ಕಂಪನಿ ಹೇಳುವ ಬ್ರೇಕ್‌ಓವರ್ ಕೋನ, ಅಂದರೆ ನಡುವಿನ ತಳ ತಾಗದೆ ದಾಟಬಹುದಾದ ದಿಬ್ಬದ ಕೋನ, 24 ಡಿಗ್ರಿ. ಲಿಫ್ಟ್ ಆದ ಮೇಲೆ ಆ ಜಾಗದಲ್ಲಿ ಒಂದು ಸಲವೂ ತಾಗಿಲ್ಲ. ನನಗೆ ಅದು ಬೇಕಿತ್ತು, ಹಾಕಿಸಿದೆ, ಈಗಲೂ ಸಂತೋಷವಾಗಿದ್ದೇನೆ.

ಆದರೆ ಕಿಟ್ ಎಂದು ಮಾರುವ ಪೆಟ್ಟಿಗೆಯಲ್ಲಿ ನಾಲ್ಕು ಸ್ಪ್ರಿಂಗ್, ನಾಲ್ಕು ಶಾಕ್ ಅಬ್ಸಾರ್ಬರ್ ಇದ್ದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಹಾಕಿಸಿದ ವಾರವೇ ಗೋಣಿಕೊಪ್ಪ ರಸ್ತೆಯ ನೇರ ದಾರಿಯಲ್ಲಿ ಸ್ಟಿಯರಿಂಗ್ ಅತ್ತಿತ್ತ ಅಲೆಯತೊಡಗಿತು. ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ. ಕಿಟ್ ಹಾಕಿದವರು ಅಲೈನ್‌ಮೆಂಟ್ ಮಾಡಿಸಿ ಎಂದರು, ಅದರಿಂದ ಏನೂ ಆಗಲಿಲ್ಲ. ಬೇರೊಬ್ಬ ಮೆಕ್ಯಾನಿಕ್ ಕ್ಯಾಸ್ಟರ್ ಬುಷ್ ಹಾಕಿದ ಮೇಲೆಯೇ ಸರಿಹೋದದ್ದು. 235 ಟೈರಿಗೆ ಅಗಲದ ರಿಮ್ ಬೇಕೆಂದು ಅದಕ್ಕೂ ಖರ್ಚಾಯಿತು.

ಕುಶಾಲನಗರ ಗ್ಯಾರೇಜ್

ಬಿರುನಾಣಿ ಅಣ್ಣ ಹೇಳಿದ್ದು ಸರಿ. ಹೀಗೇಕೆ ಆಗುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದೇ ದೂರು ಹಿಡಿದು ಬರುವ ಗಾಡಿಗಳು ಬಹಳ.

ಜಿಮ್ನಿಯ ಮುಂದಿನ ಆಕ್ಸಲನ್ನು ಎರಡು ಉದ್ದ ತೋಳುಗಳು ಚಾಸಿಗೆ ಹಿಡಿದಿವೆ. ಚಾಸಿ ಮೇಲೆ ಹೋದಾಗ ತೋಳು ಓರೆಯಾಗುತ್ತದೆ, ತೋಳಿಗೆ ಅಂಟಿಕೊಂಡಿರುವ ಆಕ್ಸಲ್ ಕೂಡ ಸ್ವಲ್ಪ ತಿರುಗುತ್ತದೆ. ಚಕ್ರ ತಿರುಗುವ ಕೀಲು ಹಿಂದಕ್ಕೆ ಎಷ್ಟು ವಾಲಿದೆಯೋ ಅದೇ ಕ್ಯಾಸ್ಟರ್. ಆ ವಾಲಿಕೆ ಇರುವುದರಿಂದಲೇ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದು. ಆಕ್ಸಲ್ ತಿರುಗಿದರೆ ವಾಲಿಕೆ ಕಡಿಮೆಯಾಗುತ್ತದೆ. ಇದನ್ನು ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವುದು) ಸರಿಮಾಡುವ ಸಾಮಾನ್ಯ ಅಲೈನ್‌ಮೆಂಟಿನಿಂದ ಸರಿಪಡಿಸಲಾಗದು. ತೂತು ಪಕ್ಕಕ್ಕಿರುವ ಬುಷ್ ಅಥವಾ ಬೇರೆ ತೋಳು ಬೇಕು.

ಎರಡನೆಯದು ಲ್ಯಾಟರಲ್ ರಾಡ್. ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಹಿಡಿಯುವ ಕಂಬಿ ಅದು. ಗಾಡಿ ಎದ್ದರೆ ಅದರ ಓರೆ ಬದಲಾಗಿ ಆಕ್ಸಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಹಿಂದಿನಿಂದ ನೋಡಿದರೆ ಒಂದು ಕಡೆ ಟೈರ್ ಮಡ್‌ಗಾರ್ಡಿನಿಂದ ಹೆಚ್ಚು ಹೊರಗೆ ಕಾಣುತ್ತದೆ. ಉದ್ದ ಬದಲಿಸಬಹುದಾದ ರಾಡ್ ಹಾಕಿದರೆ ಸರಿಯಾಗುತ್ತದೆ.

ಮೂರನೆಯದು, ನಾನು ಎಲ್ಲರಿಗೂ ಒತ್ತಿ ಹೇಳುವುದು, ಬ್ರೇಕ್ ಹೋಸ್. ಚಕ್ರ ಹಳ್ಳಕ್ಕೆ ಪೂರ್ತಿ ಇಳಿದಾಗ ಹೋಸ್ ಬಿಗಿದು ನಿಲ್ಲಬಾರದು. ಎಬಿಎಸ್ ವೈರಿಗೂ ಇದೇ ಮಾತು. ಗಾಡಿಯನ್ನು ಚಾಸಿಯಲ್ಲಿ ಜಾಕ್ ಮಾಡಿ ಚಕ್ರ ನೇತಾಡುವಂತೆ ಬಿಟ್ಟು, ಸ್ಟಿಯರಿಂಗ್ ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಬೆರಳಿನಿಂದ ಮುಟ್ಟಿ ನೋಡಬೇಕು. ತಂತಿಯಂತೆ ಬಿಗಿಯಾಗಿದ್ದರೆ ಉದ್ದದ ಹೋಸ್ ಹಾಕದೆ ಗಾಡಿ ಹೊರಗೆ ಬಿಡಬಾರದು. ಪ್ರೊಪೆಲ್ಲರ್ ಶಾಫ್ಟಿನ ಕೋನ ಹೆಚ್ಚಾದರೆ ಒಂದು ವೇಗದಲ್ಲಿ ನಡುಕ ಬರುತ್ತದೆ, ಅದನ್ನೂ ಓಡಿಸಿ ನೋಡಬೇಕು.

ಟೈರ್ ಎಲ್ಲಾದರೂ ಉಜ್ಜುತ್ತದೆಯೇ ಎಂದು ಸಮತಟ್ಟಾದ ಶೆಡ್ಡಿನಲ್ಲಿ ನೋಡಿದರೆ ಗೊತ್ತಾಗದು. ಒಂದು ಮುಂದಿನ ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ, ಸ್ಪ್ರಿಂಗ್ ಒತ್ತಿಕೊಂಡ ಸ್ಥಿತಿಯಲ್ಲೇ ಸ್ಟಿಯರಿಂಗ್ ಪೂರ್ತಿ ತಿರುಗಿಸಬೇಕು. ನಮ್ಮ ಘಾಟಿಯ ಹಿಮ್ಮುರಿ ತಿರುವಿನಲ್ಲಿ ಗುಂಡಿಗೆ ಬಿದ್ದಾಗ ಆಗುವುದು ಅದೇ.

ಕಕ್ಕಬ್ಬೆ ಅವರೇ, ಕಂಪನಿಯ ರಿಮ್ ಅಗಲ 5.5 ಇಂಚು. 215/75 ಅದರ ಮೇಲೆ ಸರಿಯಾಗಿ ಕೂರುತ್ತದೆ, ಲಿಫ್ಟ್ ಇಲ್ಲದೆ ಎಲ್ಲೂ ಉಜ್ಜುವುದಿಲ್ಲ. 235/75ಕ್ಕೆ ಕನಿಷ್ಠ 6 ಇಂಚಿನ ರಿಮ್ ಬೇಕು. ಲೋಡ್ ಇಂಡೆಕ್ಸ್ ಕೂಡ ನೋಡಿ. ಮೂಲ ಟೈರಿನದು 96, ಅಂದರೆ ಒಂದು ಟೈರಿಗೆ 710 ಕಿಲೋ. ಅದಕ್ಕಿಂತ ಕಡಿಮೆಯದ್ದನ್ನು ಯಾರೇ ಕೊಟ್ಟರೂ ಒಪ್ಪಬೇಡಿ, ನೀವು ಕಾಫಿ ಚೀಲ ಹೇರುವವರು.

ಸುಂಟಿಕೊಪ್ಪ ಥಾರ್

ಥಾರ್ ಇರುವವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಒಂದು ಮಾತು. 2020ರ ಥಾರ್‌ನಲ್ಲಿ ಮುಂದೆ ಎರಡೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್, ಹಿಂದೆ ಮಾತ್ರ ಗಟ್ಟಿ ಆಕ್ಸಲ್. ಮುಂದಿನ ಡಿಫರೆನ್ಷಿಯಲ್ ಚಾಸಿಗೇ ಕೂಡಿರುವುದರಿಂದ ಲಿಫ್ಟ್ ಮಾಡಿದರೆ ಅದು ಮೇಲೇಳುತ್ತದೆ, ಹಿಂದಿನದು ಏಳುವುದಿಲ್ಲ. ಮುಂದೆ ಎತ್ತರ ಹೆಚ್ಚಿಸಿದಷ್ಟೂ ಡ್ರೈವ್ ಶಾಫ್ಟ್ ಓರೆಯಾಗಿ ಅದರ ರಬ್ಬರ್ ಬೂಟ್ ಬೇಗ ಹರಿಯುತ್ತದೆ. ಹರಿದ ಬೂಟಿನೊಳಗೆ ಕೆಸರು ಸೇರಿದರೆ ಜಾಯಿಂಟ್ ಉಳಿಯುವುದಿಲ್ಲ. ಕಂಪನಿಯಿಂದಲೇ 255/65 ಆರ್18 ಟೈರ್, 226 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ ಬರುವ ಗಾಡಿ ಅದು. ದಿನಬಳಕೆಗೆ ಅದನ್ನು ಎತ್ತಿಸುವ ಅಗತ್ಯ ನನಗಂತೂ ಕಾಣುವುದಿಲ್ಲ.

ಕಾನೂನು ಕಡತ

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿನ್ಯಾಸಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು ಎನ್ನುತ್ತದೆ. ಲಿಫ್ಟ್ ಮಾಡಿಸುವವರು ಇದನ್ನು ತಿಳಿದೇ ಮುಂದುವರಿಯಬೇಕು. ವಿಮಾ ಕಂಪನಿಗೆ ಬರಹದಲ್ಲಿ ತಿಳಿಸದೆ ಏನನ್ನೂ ಹಾಕಿಸಬೇಡಿ. ಅಪಘಾತವಾದಾಗ ಸರ್ವೇಯರ್ ಮೊದಲು ನೋಡುವುದು ಗಾಡಿ ಮೂಲ ರೂಪದಲ್ಲಿದೆಯೇ ಎಂದು. ನಮ್ಮದು ಬೆಟ್ಟದ ರಸ್ತೆ, ಎದುರಿನವರ ಜೀವದ ಪ್ರಶ್ನೆಯೂ ಇದೆ.

ಮಕ್ಕಂದೂರು ಜೀಪು

ಮಾಂದಲಪಟ್ಟಿಗೆ ಜೀಪು ಓಡಿಸುತ್ತಾ ಬೆಳೆದವನು ನಾನು. ಕೆಸರಿನ ವಿಷಯ ಇಲ್ಲಿ ಯಾರೂ ಎತ್ತಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಹಳೆಯ ಮಹೀಂದ್ರಾ ಜೀಪುಗಳ ಟೈರ್ 6.00-16. ಇಂದಿನ ಲೆಕ್ಕದಲ್ಲಿ ತೀರಾ ಸಪೂರ. ಆದರೂ ಮಳೆಗಾಲದಲ್ಲಿ ಅವು ಬೆಟ್ಟ ಹತ್ತುತ್ತವೆ. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಮೇಲಿನ ಪದರ ಬೆಣ್ಣೆಯಾದರೂ ಕೆಳಗೆ ಗಟ್ಟಿ ನೆಲ ಸಿಗುತ್ತದೆ. ಸಪೂರ ಟೈರ್ ಆ ಪದರವನ್ನು ಸೀಳಿ ಗಟ್ಟಿ ನೆಲ ಹಿಡಿಯುತ್ತದೆ. ಅಗಲದ ಟೈರ್ ಅದರ ಮೇಲೆಯೇ ತೇಲಿ ಜಾರುತ್ತದೆ. ತಳವೇ ಸಿಗದ ಗದ್ದೆಯಂಥ ಕೆಸರಿನಲ್ಲಿ ಅಗಲದ ಟೈರಿಗೆ ಲಾಭವುಂಟು, ತೋಟದ ದಾರಿಯಲ್ಲಿ ಅಂಥ ಕೆಸರು ಅಪರೂಪ.

ಟೈರಿನ ಅಳತೆಗಿಂತ ಮೊದಲು ಗಾಳಿ ನೋಡಿ. ಕೆಸರಿನ ತುಂಡು ಶುರುವಾಗುವ ಮುನ್ನ 18-20 ಪಿಎಸ್‌ಐಗೆ ಇಳಿಸಿದರೆ ಜಿಮ್ನಿಯಂಥ ಹಗುರ ಗಾಡಿ ಬೇರೆಯೇ ಗಾಡಿಯಾಗುತ್ತದೆ. ಟೈರ್ ಉದ್ದಕ್ಕೆ ಚಪ್ಪಟೆಯಾಗಿ ಹೆಚ್ಚು ನೆಲ ಹಿಡಿಯುತ್ತದೆ. ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು, 12 ವೋಲ್ಟ್ ಪಂಪ್ ಗಾಡಿಯಲ್ಲೇ ಇರಲಿ. ತೀರಾ ಕಷ್ಟದ ದಿನಕ್ಕೆ ಸರಪಳಿ. ಟೈರ್ ಅಗಲವಾದಷ್ಟೂ ಒಳಗಡೆ ಸರಪಳಿಗೆ ಜಾಗ ಕಡಿಮೆ, ಇದನ್ನು 235 ಹಾಕಿಸುವವರು ಯೋಚಿಸುವುದೇ ಇಲ್ಲ.

ಮಡ್ ಟೈರ್ ಬಗ್ಗೆ ನನಗೆ ನಿಜವಾದ ಆತಂಕವಿದೆ. ಅದರ ಗಡ್ಡೆಗಳು ದೊಡ್ಡವು, ನಡುವೆ ಸಣ್ಣ ಸೀಳುಗಳು ಕಡಿಮೆ. ಒದ್ದೆ ಡಾಂಬರಿನಲ್ಲಿ ಹಿಡಿತ ಸಾಲದು. ಜುಲೈನಲ್ಲಿ ಮರದ ನೆರಳಿರುವ ತಿರುವುಗಳಲ್ಲಿ ರಸ್ತೆಯ ಅಂಚಿಗೆ ಹಸಿರು ಪಾಚಿ ಕಟ್ಟಿರುತ್ತದೆ, ಎದುರಿಗೆ ಬಸ್ ಬಂದಾಗ ನಾವು ಸರಿಯಬೇಕಾದದ್ದು ಆ ಅಂಚಿಗೇ. ಮಗಳನ್ನು ಶಾಲೆಗೆ ಕರೆದೊಯ್ಯುವ ಗಾಡಿಗೆ ಡಾಂಬರು, ಮಣ್ಣು ಎರಡಕ್ಕೂ ಆಗುವ ಆಲ್ ಟೆರೇನ್ ಟೈರೇ ಸರಿ. ದಿನದ ಓಟದಲ್ಲಿ ಹೆಚ್ಚು ಪಾಲು ಡಾಂಬರು ಎಂಬುದನ್ನು ಮರೆಯಬೇಡಿ.

ಬಿರುನಾಣಿ ಕಡೆಯವನು

ಮಕ್ಕಂದೂರಿನವರ ಮಾತನ್ನು ಒಪ್ಪುತ್ತೇನೆ, ನನ್ನದೂ ಆಲ್ ಟೆರೇನ್ ಟೈರೇ. ಲಿಫ್ಟ್ ಆದವರು ಹೆಡ್‌ಲೈಟ್ ಮಟ್ಟವನ್ನೂ ಸರಿಮಾಡಿಸಿಕೊಳ್ಳಿ. ಮುಂಭಾಗ ಸ್ವಲ್ಪ ಹೆಚ್ಚು ಎದ್ದರೂ ಬೆಳಕು ಎದುರಿನವರ ಕಣ್ಣಿಗೆ ಬಡಿಯುತ್ತದೆ, ಮಂಜಿನಲ್ಲಿ ನಮ್ಮ ಮುಖಕ್ಕೇ ಬಿಳಿ ಗೋಡೆಯಾಗಿ ಮರಳುತ್ತದೆ. ಮತ್ತೆ, ನಮ್ಮ ಅತ್ತೆಗೆ ಹತ್ತಲು ಪಕ್ಕದ ಮೆಟ್ಟಿಲು ಹಾಕಿಸಬೇಕಾಯಿತು. ನಿಮ್ಮ ಅಮ್ಮನಿಗೆ ಮೊಣಕಾಲು ನೋವಿದ್ದರೆ ಇದೂ ಲೆಕ್ಕಕ್ಕೆ ಬರಲಿ.

ಸೋಮವಾರಪೇಟೆ ಸೀಮೆ

ಈಗ ದಾರಿಯ ವಿಷಯಕ್ಕೆ ಬರುತ್ತೇನೆ. ದಾರಿ ನಿಮ್ಮದೇ ತೋಟದ್ದು, ದಿಣ್ಣೆಯೂ ನಿಮ್ಮದೇ. ಮಳೆಗೆ ಮುಂಚೆ ನಡುವಿನ ದಿಣ್ಣೆಯನ್ನು ಗುದ್ದಲಿಯಲ್ಲಿ ಕಡಿಸಿ ಆ ಮಣ್ಣನ್ನು ಜಾಡಿಗೇ ಎಳೆಸಿ, ಮೇಲೆ ಒಡೆದ ಕಲ್ಲು ಹಾಕಿಸಿ ಗಟ್ಟಿಮಾಡಿಸಿ. ಬರೀ ಮಣ್ಣು ತುಂಬಿದರೆ ಮೊದಲ ಮಳೆಗೇ ಕೊಚ್ಚಿಹೋಗುತ್ತದೆ. ಅದಕ್ಕಿಂತ ಮುಖ್ಯ, ಜಾಡಿನಲ್ಲಿ ನೀರು ಹರಿಯುವುದನ್ನು ನಿಲ್ಲಿಸಬೇಕು. ಇಳಿಜಾರಿನಲ್ಲಿ ಅಲ್ಲಲ್ಲಿ ಓರೆಯಾಗಿ ಅಡ್ಡಚರಂಡಿ ತೆಗೆದು ನೀರನ್ನು ಪಕ್ಕದ ತೋಡಿಗೆ ಬಿಡಿ, ಕಾಫಿ ಗಿಡದ ಬುಡಕ್ಕೆ ಬಿಡಬೇಡಿ. ಜಾಡನ್ನು ಪ್ರತಿ ವರ್ಷ ಆಳ ಮಾಡುತ್ತಿರುವುದು ಟ್ರ್ಯಾಕ್ಟರ್ ಒಂದೇ ಅಲ್ಲ, ನೀರು.

ಓಡಿಸುವಾಗ ಎರಡೂ ಚಕ್ರವನ್ನು ಜಾಡಿಗೆ ಇಳಿಸಬೇಡಿ. ಅಂಚು ಗಟ್ಟಿಯಿದ್ದ ಕಡೆ ಒಂದು ಬದಿಯ ಚಕ್ರ ದಿಣ್ಣೆಯ ಮೇಲೆ, ಇನ್ನೊಂದು ಬದಿಯದು ಹೊರ ಅಂಚಿನ ಮೇಲೆ ಇರುವಂತೆ ಹೋದರೆ ಡಿಫರೆನ್ಷಿಯಲ್ ಜಾಡಿನ ಮೇಲೆ ಸಾಗುತ್ತದೆ, ತಾಗುವುದೇ ಇಲ್ಲ. ಅಂಚು ಕುಸಿಯುವಂತಿದ್ದರೆ ಮಾತ್ರ ಈ ಸಾಹಸ ಬೇಡ.

ಕಕ್ಕಬ್ಬೆ ತೋಟ

ಎಲ್ಲರಿಗೂ ಮನಸ್ಸಿನಿಂದ ಕೃತಜ್ಞತೆ. 215/75 ಆರ್15 ಆಲ್ ಟೆರೇನ್ ಟೈರ್ ಹಾಕಿಸುತ್ತೇನೆ, ರಿಮ್ ಕಂಪನಿಯದೇ. ಲಿಫ್ಟ್ ಬೇಡ ಎಂದು ವರ್ಕ್‌ಶಾಪ್‌ನವರಿಗೆ ಹೇಳಿಬಿಟ್ಟೆ. ಉಳಿದ ಹಣದಲ್ಲಿ ದಾರಿಗೆ ಕಲ್ಲು ತರಿಸುತ್ತಿದ್ದೇನೆ. ಮಳೆ ಬಂದ ಮೇಲೆ ಬರೆಯುತ್ತೇನೆ.

ಕಕ್ಕಬ್ಬೆ ತೋಟ

ಜುಲೈ ಮಳೆ ಜೋರಾಗಿದೆ, ಈಗ ಹೇಳುವಷ್ಟು ಅನುಭವವಾಗಿದೆ. ದಿಣ್ಣೆ ಕಡಿದ ಕಡೆ ತಳ ತಾಗುತ್ತಿಲ್ಲ. ಅಡ್ಡಚರಂಡಿ ತೆಗೆದ ಮೇಲೆ ಜಾಡಿನಲ್ಲಿ ನೀರು ನಿಲ್ಲುತ್ತಿಲ್ಲ, ಕಲ್ಲು ಹಾಗೇ ಕೂತಿದೆ. ಮೇಲಿನ ತಿರುವಿನಲ್ಲಿ ಮಾತ್ರ ಕೆಸರು ಉಳಿದಿದೆ. ಅಲ್ಲಿ ಮೊದಲು 28 ಪಿಎಸ್‌ಐನಲ್ಲೇ ಹತ್ತಲು ನೋಡಿದೆ, ಟೈರಿನ ಸಂದುಗಳು ಮಣ್ಣು ತುಂಬಿ ನುಣ್ಣಗಾಗಿ ಚಕ್ರ ಸುತ್ತಿತು. ಗಾಳಿ 18ಕ್ಕೆ ಇಳಿಸಿ ಫೋರ್ ಲೋ ಎರಡನೇ ಗೇರಿನಲ್ಲಿ ಬಿಟ್ಟೆ. ಸಂದಿನ ಮಣ್ಣು ಉಂಡೆ ಉಂಡೆಯಾಗಿ ಹಾರಿಬಿದ್ದು ಗಾಡಿ ನಿಲ್ಲದೆ ಹತ್ತಿತು. ಮೂರ್ನಾಡು ರಸ್ತೆಯಲ್ಲಿ ಸದ್ದು ಸ್ವಲ್ಪ ಹೆಚ್ಚಿದೆ, ಬ್ರೇಕ್ ಹಿಡಿತದಲ್ಲಿ ದೂರಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಹಿಂಬಾಗಿಲಿನ ಸ್ಟೆಪ್ನಿ ಇನ್ನೂ ಹಳೆಯ 195/80. ಅದು ಹಾಗೇ ಇರಬಹುದೇ?

ಕುಶಾಲನಗರ ಗ್ಯಾರೇಜ್

ಸ್ಟೆಪ್ನಿಯೂ 215/75 ಆಗಲೇಬೇಕು. ಜಿಮ್ನಿಯ ಫೋರ್ ವೀಲ್ ಡ್ರೈವ್‌ನಲ್ಲಿ ನಡುವೆ ಡಿಫರೆನ್ಷಿಯಲ್ ಇಲ್ಲ, ಮುಂದಿನ ಹಿಂದಿನ ಶಾಫ್ಟ್‌ಗಳು ಒಂದಕ್ಕೊಂದು ಕಟ್ಟಿಹಾಕಿದಂತೆ ತಿರುಗುತ್ತವೆ. ಒಂದು ಚಕ್ರ ಚಿಕ್ಕದಿದ್ದರೆ ಹಿಡಿತವಿರುವ ನೆಲದಲ್ಲಿ ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಆಕ್ಸಲ್‌ಗೆ ಬಲ ಕಳಿಸುವ ಗೇರ್ ಪೆಟ್ಟಿಗೆ) ಮೇಲೆ ಒತ್ತಡ ಬೀಳುತ್ತದೆ. ಹೊಸ ಟೈರ್ ಬರುವವರೆಗೆ ಪಂಕ್ಚರ್ ಆದರೆ ಹಳೆಯದನ್ನು ಹಾಕಿ ಟೂ ವೀಲ್‌ನಲ್ಲೇ ನಿಧಾನವಾಗಿ ಮನೆಗೆ ಬನ್ನಿ, ಫೋರ್ ಹೈ ಹಾಕಬೇಡಿ. ಐದನೆಯದು ಬಂದ ಮೇಲೆ ಅದನ್ನೂ ಸೇರಿಸಿ ಐದನ್ನೂ ಸರದಿಯಲ್ಲಿ ಬದಲಿಸುತ್ತಿರಿ, ಎಲ್ಲವೂ ಒಂದೇ ಸಮ ಸವೆಯುತ್ತವೆ. ಹೊಸ ಟೈರ್ ಭಾರ ಹೆಚ್ಚು, ಹಾಗಾಗಿ ಹಿಂಬಾಗಿಲಿನ ಕೀಲು ಮತ್ತು ಸ್ಟೆಪ್ನಿ ಬ್ರಾಕೆಟಿನ ಬೋಲ್ಟ್‌ಗಳನ್ನು ಸರ್ವಿಸ್ ಸಮಯದಲ್ಲಿ ಬಿಗಿಮಾಡಿಸಿಕೊಳ್ಳಿ.